ಹಳೆಯ ಗುಡಿ ಪಕ್ಕ ಸರ್ಕಾರಿ ಕಾಮಗಾರಿ ಬರ್ತಿದೆಯಾ? ನಿಮ್ಮ ಮಾತು ಫೈಲಿಗೆ ಸೇರಿಸುವುದು ಹೀಗೆ

ನಮ್ಮೂರಿನ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇತ್ತು. ಕೆಳಗಿನ ಪಟ್ಟಿಯಲ್ಲಿ ಕುದುರೆ ಏರಿದ ಯೋಧ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಅದರ ಎರಡು ಕಡೆ ಸೂರ್ಯ ಚಂದ್ರ. ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನು ಚರಂಡಿ ಪಕ್ಕಕ್ಕೆ ದೂಡಿತು. ಮೇಲಿನ ಪಟ್ಟಿ ಎರಡು ತುಂಡಾಯಿತು. ನಾವು ನಾಲ್ಕು ಜನ ಆಫೀಸಿಗೆ ಹೋಗಿ ಕೇಳಿದೆವು. ಅಲ್ಲಿ ಸಿಕ್ಕ ಉತ್ತರ ಇವತ್ತಿಗೂ ಕಿವಿಯಲ್ಲಿದೆ: "ಫೈಲಲ್ಲಿ ಯಾರದ್ದೂ ತಕರಾರು ಇಲ್ವಲ್ಲ ಸರ್." ನಿಜ, ಇರಲಿಲ್ಲ. ಊರೆಲ್ಲ ಬೈದುಕೊಂಡಿತ್ತು, ಟೀ ಅಂಗಡಿಯಲ್ಲಿ ದಿನಾ ಅದೇ ಮಾತು, ಆದರೆ ಒಂದು ಹಾಳೆ ಬರೆದು ಕೊಟ್ಟವರಿಲ್ಲ.

ಆ ಹಾಳೆ ಬರೆಯುವುದು ಹೇಗೆ, ಯಾರಿಗೆ ಕೊಡುವುದು, ಯಾವಾಗ ಕೊಡುವುದು ಅಂತ ಆಮೇಲೆ ಕಲಿತೆ. ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು, ಅದು ಯಾರ ಲೆಕ್ಕದ್ದು ನೋಡಿ

ಗುಡಿ, ಕೋಟೆ, ಕಲ್ಯಾಣಿ ಯಾವುದೇ ಇರಲಿ, ಮುಂದೆ ನೀಲಿ ಬೋರ್ಡು ಇದೆಯಾ? ಇದ್ದರೆ ಅದು ಬಹುಪಾಲು ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯದ್ದು, ಅಂದರೆ ಎಎಸ್‌ಐ ಸ್ಮಾರಕ. ಕರ್ನಾಟಕದಲ್ಲಿ ಅವರಿಗೆ ಬೆಂಗಳೂರು, ಧಾರವಾಡ, ಹಂಪಿ ಅಂತ ಮೂರು ವಲಯಗಳಿವೆ. ಇಲ್ಲದಿದ್ದರೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಪಟ್ಟಿಯಲ್ಲಿ ಇರಬಹುದು. ಅವರ ಕಾನೂನು 1961ರದ್ದು. ಎರಡರಲ್ಲೂ ಇಲ್ಲ ಅಂದರೂ ಕೈಬಿಡಬೇಡಿ, ಅದಕ್ಕೂ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಟೇಪು ಹಿಡಿಯಿರಿ

ಎಎಸ್‌ಐ ಸ್ಮಾರಕಗಳಿಗೆ 1958ರ ಕಾನೂನು ಇದೆ, 2010ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಅದರ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಜಾಗದಲ್ಲಿ ಹೊಸದಾಗಿ ಕಟ್ಟುವ ಹಾಗಿಲ್ಲ. ನಿಯಂತ್ರಿತ ಜಾಗದಲ್ಲಿ ಕಟ್ಟಲು ಅನುಮತಿ ಬೇಕು.

ಜಾಸ್ತಿ ಜನ ತಪ್ಪುವುದು ಅಳತೆಯಲ್ಲಿ. ಗುಡಿಯ ಗೋಡೆಯಿಂದ ಅಳೆದು "120 ಮೀಟರ್ ಇದೆ, ಏನೂ ಮಾಡೋಕಾಗಲ್ಲ" ಅಂತ ಸುಮ್ಮನಾಗುತ್ತಾರೆ. ಅಳೆಯಬೇಕಾದದ್ದು ಗೋಡೆಯಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ಆ ಗಡಿ ಎಷ್ಟೋ ಕಡೆ ಈಗಿರುವ ಬೇಲಿಗಿಂತ ಆಚೆಗೂ ಇರುತ್ತದೆ. ಹಾಗಾಗಿ ಎಎಸ್‌ಐನಿಂದ ಗಡಿ ನಕ್ಷೆಯ ಪ್ರತಿ ಪಡೆದುಕೊಂಡೇ ಅಳೆಯಿರಿ.

ಇನ್ನೊಂದು ವಿಷಯ. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು, ಕರೆಂಟಿನ ಕೆಲಸಗಳನ್ನು ಈ ಕಾನೂನು "ನಿರ್ಮಾಣ" ಅನ್ನುವ ಲೆಕ್ಕದಿಂದ ಹೊರಗಿಟ್ಟಿದೆ. ಬರೀ ಚರಂಡಿ ವಿರುದ್ಧ 100 ಮೀಟರ್ ನಿಯಮ ಹೇಳಿಕೊಂಡು ಹೋದರೆ ಅರ್ಜಿ ಬಿದ್ದುಹೋಗುತ್ತದೆ. ಅಂಥ ಕೆಲಸಕ್ಕೆ ಗುಂಡಿ ಎಷ್ಟು ಆಳ, ಪಾಯಕ್ಕೆ ಏನಾಗುತ್ತದೆ, ಯಂತ್ರ ಬಿಟ್ಟು ಕೈಯಲ್ಲಿ ಅಗೆಯಬಹುದಾ ಅಂತ ಕೇಳಿ.

"ಇದು ಸರ್ಕಾರದ್ದೇ ಕೆಲಸ, ನಮಗೆ ಅನ್ವಯ ಆಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸರ್ಕಾರಿ ಕಾಮಗಾರಿಗೆ ವಿನಾಯಿತಿ ಕೊಡುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯಲ್ಲಿ ಪಾಸಾಗಿ, ಆಮೇಲೆ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು. 2010ರ ಕಾನೂನು ಅವರಿಗೆ ಅನ್ವಯ ಆಗದಿದ್ದರೆ ವಿನಾಯಿತಿಯ ಮಸೂದೆ ಯಾಕೆ ಬೇಕಿತ್ತು, ಅಲ್ವಾ?

ಕಾಗದ ತರಿಸಿಕೊಳ್ಳಿ

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ಕಚೇರಿಗಳಿಗಾದರೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಯೋಜನೆಯ ಡಿಪಿಆರ್ (ವಿವರವಾದ ಯೋಜನಾ ವರದಿ), ನಕ್ಷೆ, ಸ್ಮಾರಕದ ಬಗ್ಗೆ ಪಡೆದ ಎನ್‌ಒಸಿ (ಅಡ್ಡಿ ಇಲ್ಲ ಅನ್ನುವ ಪತ್ರ), ಇಷ್ಟರ ಪ್ರತಿ ಕೇಳಿ. ಎನ್‌ಒಸಿ ಇಲ್ಲ ಅನ್ನುವ ಉತ್ತರ ಬಂದರೆ ಅದೇ ನಿಮ್ಮ ಕೈಲಿರುವ ಗಟ್ಟಿ ದಾಖಲೆ.

ಯಾವ ಬಾಗಿಲು ತೆರೆದಿದೆ?

ಜನರ ಮಾತು ಕೇಳಲೇಬೇಕು ಅಂತ ಕಾನೂನೇ ಹೇಳುವ ಸಂದರ್ಭಗಳಿವೆ. ಒಂದು, ಪ್ರತಿ ಎಎಸ್‌ಐ ಸ್ಮಾರಕಕ್ಕೂ ಮಾಡಬೇಕಾದ ಪರಂಪರೆ ಉಪವಿಧಿ. ಸುತ್ತ ಎಷ್ಟು ಎತ್ತರ ಕಟ್ಟಬಹುದು, ಹೇಗೆ ಕಟ್ಟಬಹುದು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅದರ ಕರಡನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿ ಆಕ್ಷೇಪಣೆಗೆ 30 ದಿನ ಕೊಡುತ್ತದೆ. ಇಮೇಲ್ ಮಾಡಿದರೂ ಸಾಕು. ನಿಯಂತ್ರಿತ ಪ್ರದೇಶದ ದೊಡ್ಡ ಸಾರ್ವಜನಿಕ ಯೋಜನೆಗಳ ಪರಿಣಾಮ ನೋಡುವುದೂ ಇದೇ ಪ್ರಾಧಿಕಾರದ ಕೆಲಸ.

ಇನ್ನೊಂದು, ಪರಿಸರ ಅನುಮತಿ ಬೇಕಾದ ದೊಡ್ಡ ಯೋಜನೆಗಳ ಸಾರ್ವಜನಿಕ ಆಲಿಕೆ, ಅಂದರೆ ಜನರ ಅಹವಾಲು ಕೇಳುವ ಸಭೆ. ಇದು ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಪ್ರತಿ ಡಿಸಿ ಕಚೇರಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ನೋಡಲು ಸಿಗಬೇಕು. ಊರಿನ ಮಾಸ್ಟರ್ ಪ್ಲಾನ್ ಕರಡಿಗೂ ಆಕ್ಷೇಪಣೆ ಕರೆಯುತ್ತಾರೆ.

ಬೇಗ ಹೋಗಿ ಅಂತ ನಾನು ಒತ್ತಿ ಹೇಳುವುದಕ್ಕೆ ಆನೆಗೊಂದಿ ಸೇತುವೆ ಕಾರಣ. ತುಂಗಭದ್ರೆ ದಾಟಲು ಜನಕ್ಕೆ ಸೇತುವೆ ಬೇಕಿತ್ತು, ಆ ಕಷ್ಟ ನಿಜವಾದದ್ದು. ಆದರೆ ಹಂಪಿಯ ಜಾಗದಲ್ಲಿ ಅದು ಎಲ್ಲಿ ಬರಬೇಕು ಅನ್ನುವ ಪ್ರಶ್ನೆ ಜೋರಾಗಿ ಎದ್ದಾಗ ಕೆಲಸ ಶುರುವಾಗಿಬಿಟ್ಟಿತ್ತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ ಸೇತುವೆ ಕುಸಿದು ಜೀವಗಳು ಹೋದವು. ಈಗ ವಾಹನ ಓಡಾಡುವ ಸೇತುವೆ ಬೇರೆ ಕಡೆ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಇದೆ. ನಕ್ಷೆ ಬರೆಯುವಾಗಲೇ ಇದು ತೀರ್ಮಾನ ಆಗಿದ್ದರೆ ಅಂತ ಎಷ್ಟೋ ಸಲ ಅನ್ನಿಸುತ್ತದೆ.

ಅರ್ಜಿಯಲ್ಲಿ ಏನು ಬರೆಯಬೇಕು

"ನಮ್ಮ ಭವ್ಯ ಪರಂಪರೆ ಉಳಿಸಿ" ಅಂತ ಬರೆದರೆ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಲೇಬೇಕಾದ ಹಾಗೆ ಬರೆಯಿರಿ. ಉದಾಹರಣೆಗೆ:

"ಸದರಿ ರಸ್ತೆಯ ಹೊಸ ಅಂಚು ಕಲ್ಯಾಣಿಯ ರಕ್ಷಿತ ಗಡಿಯಿಂದ 40 ಮೀಟರ್ ದೂರದಲ್ಲಿ ಬರುತ್ತದೆ. ಇದಕ್ಕೆ ಅನುಮತಿ ಪಡೆದಿದ್ದರೆ ಪ್ರತಿ ಕೊಡಿ. ಕಲ್ಯಾಣಿಗೆ ನೀರು ಬರುವ ಹಳೆಯ ಕಾಲುವೆ ರಸ್ತೆಯ ಕೆಳಗೆ ಮುಚ್ಚಿಹೋಗುತ್ತದೆ (ಫೋಟೋ 3). ಪೂರ್ವದ ಕಡೆ ಸರ್ಕಾರಿ ಜಾಗ ಖಾಲಿ ಇದೆ, ರಸ್ತೆಯನ್ನು ಆ ಕಡೆಗೆ ತಿರುಗಿಸುವುದನ್ನು ಪರಿಶೀಲಿಸಿ, ನಿರ್ಧಾರವನ್ನು ಲಿಖಿತವಾಗಿ ತಿಳಿಸಿ."

ಒಂದು ಅಳತೆ, ಒಂದು ಹಾನಿ, ಒಂದು ಬದಲಿ ದಾರಿ. ಬದಲಿ ದಾರಿ ಹೇಳುವುದು ತುಂಬ ಮುಖ್ಯ, ಯಾಕೆಂದರೆ ರಸ್ತೆ ಬೇಕು ಅನ್ನುವವರೂ ನಿಮ್ಮೂರಿನವರೇ. ಫೋಟೋ ತೆಗೆಯುವಾಗ ಕಲ್ಲಿನ ಪಕ್ಕ ಒಂದು ಸ್ಕೇಲು ಇಡಿ, ತಾರೀಕು ಬರೆಯಿರಿ. ಕೆಲಸಕ್ಕೆ ಮೊದಲು ತೆಗೆದ ಫೋಟೋ ಇಲ್ಲದೆ ಬಿರುಕು ಹೊಸದು ಅಂತ ಯಾರೂ ಸಾಧಿಸಲಾರರು.

ಎರಡು ಪ್ರತಿ ಮಾಡಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಗೆ ಬನ್ನಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಪಟ್ಟಿಯಲ್ಲಿ ಇಲ್ಲದ ಕಲ್ಲುಗಳಿಗೆ

ನಮ್ಮ ವೀರಗಲ್ಲಿನ ಹಾಗೆ ಯಾವ ಬೋರ್ಡೂ ಇಲ್ಲದವು ಊರೂರಲ್ಲಿ ಇವೆ. ಅವುಗಳಿಗೆ ಗ್ರಾಮಸಭೆಯೇ ಆಸರೆ. ಪಿಡಿಒಗೆ ಮೊದಲೇ ಬರೆದುಕೊಟ್ಟು ವಿಷಯ ಪಟ್ಟಿಗೆ ಸೇರಿಸಿ, "ಕಾಮಗಾರಿಗೆ ಮೊದಲು ಈ ಕಲ್ಲನ್ನು ಗುರುತಿಸಿ ಸುರಕ್ಷಿತವಾಗಿ ಇಡಬೇಕು" ಅಂತ ಠರಾವು ಮಾಡಿಸಿ. ಅದರ ನಕಲು ತಹಶೀಲ್ದಾರರಿಗೆ, ರಾಜ್ಯ ಪುರಾತತ್ವ ಇಲಾಖೆಗೆ, ಕಾಮಗಾರಿಯ ಇಂಜಿನಿಯರಿಗೆ ಹೋಗಲಿ. ಕಂಟ್ರಾಕ್ಟರ್ ಕಡೆಯ ಜೆಸಿಬಿ ಡ್ರೈವರ್ ಜೊತೆಗೂ ಹೋಗಿ ಮಾತಾಡಿ, ಕಲ್ಲು ತೋರಿಸಿ, ಅದರ ಸುತ್ತ ಸುಣ್ಣ ಹಾಕಿ. ಎಷ್ಟೋ ಸಲ ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಆಲಿಕೆಯ ದಿನ

ಹಾಜರಿ ಪಟ್ಟಿಯಲ್ಲಿ ಹೆಸರು ಬರೆಯಿರಿ. ಕನ್ನಡದಲ್ಲೇ ಮಾತಾಡಿ. ಎರಡೇ ನಿಮಿಷ ಸಾಕು, ಮಾತಾಡಿದ್ದನ್ನು ಬರಹದಲ್ಲೂ ಕೊಡಿ. ಇಡೀ ಆಲಿಕೆ ವಿಡಿಯೋ ಆಗಬೇಕು ಅಂತ ನಿಯಮ ಇದೆ. ಕೊನೆಯಲ್ಲಿ ನಡಾವಳಿಯನ್ನು ಜನರ ಮುಂದೆ, ಅವರ ಭಾಷೆಯಲ್ಲೇ ಓದಿ ಹೇಳಬೇಕು, ಆಮೇಲೆ ಅದಕ್ಕೆ ಸಹಿ ಬೀಳುತ್ತದೆ. ಊಟದ ಹೊತ್ತಾಯಿತು ಅಂತ ಅಷ್ಟರಲ್ಲಿ ಎದ್ದು ಹೋಗಬೇಡಿ. ಓದುವಾಗ ನಿಮ್ಮ 40 ಮೀಟರ್ ಬರಲಿಲ್ಲ ಅಂದರೆ ಅಲ್ಲೇ ಕೈಯೆತ್ತಿ ಸೇರಿಸಲು ಹೇಳಿ.