371 (ಜೆ) ಮೇಲೆ ಸಂಶೋಧನಾ ಲೇಖನ: ನಾನು ಕೆಲಸ ಮಾಡುವ ಕ್ರಮ

ಕಲಬುರಗಿಯಲ್ಲಿ ಸಂವಿಧಾನ ಪಾಠ ಮಾಡುವವರಿಗೆ 371 (ಜೆ) ಕಲಂ, ಅಂದರೆ ಹೈದರಾಬಾದ್-ಕರ್ನಾಟಕ (ಈಗಿನ ಕಲ್ಯಾಣ ಕರ್ನಾಟಕ) ಪ್ರದೇಶದವರಿಗೆ ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳಲ್ಲಿ ವಿಶೇಷ ಅವಕಾಶಕ್ಕೆ ದಾರಿ ಮಾಡುವ ಸಂವಿಧಾನದ ಕಲಂ, ಮನೆಬಾಗಿಲಿನ ವಿಷಯ. ಅದರ ಮೇಲೆ ಬರೆಯಲು ಹೊರಟವರು ಎಡವುವುದು ಮಾತ್ರ ಮೊದಲ ಪುಟದಲ್ಲೇ. "371 (ಜೆ) ಈ ಭಾಗದವರಿಗೆ ಶೇ 80 ಮೀಸಲಾತಿ ಕೊಟ್ಟಿದೆ" ಎಂದು ಬರೆದುಬಿಡುತ್ತಾರೆ. ಕಲಂ ತೆರೆದು ನೋಡಿದರೆ ಅಲ್ಲಿ ಒಂದು ಶೇಕಡಾವಾರೂ ಇಲ್ಲ, ಒಂದು ಜಿಲ್ಲೆಯ ಹೆಸರೂ ಇಲ್ಲ. ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸಿ ಆದೇಶ ಹೊರಡಿಸುವ ಅಧಿಕಾರ ರಾಷ್ಟ್ರಪತಿಗೆ ಇದೆ, ಅಷ್ಟೇ.

ಆದ್ದರಿಂದ ನಾನು ಮೊದಲು ಐದು ಮೆಟ್ಟಿಲು ಬರೆದುಕೊಳ್ಳುತ್ತೇನೆ: ಕಲಂ, ರಾಷ್ಟ್ರಪತಿ ಆದೇಶ, ಅದರಡಿ ರಾಜ್ಯಪಾಲರು ಹೊರಡಿಸಿದ 2013ರ ಆದೇಶಗಳು, ಸರ್ಕಾರದ ಸುತ್ತೋಲೆ, ಕೊನೆಗೆ ನೇಮಕಾತಿ ಅಧಿಸೂಚನೆ. ಶೇಕಡಾವಾರು ಸಿಗುವುದು ಮೂರನೇ ಮೆಟ್ಟಿಲಿನಲ್ಲಿ. ಸ್ಥಳೀಯ ವೃಂದದಲ್ಲಿ, ಅಂದರೆ ಈ ಪ್ರದೇಶದೊಳಗಿನ ಹುದ್ದೆಗಳಲ್ಲಿ, ಗ್ರೂಪ್ 'ಬಿ'ಗೆ ಶೇ 75, 'ಸಿ'ಗೆ ಶೇ 80, 'ಡಿ'ಗೆ ಶೇ 85. ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. ಅಂದರೆ ಸ್ಥಳೀಯ ವೃಂದದಲ್ಲಿ 40 ಗ್ರೂಪ್ 'ಸಿ' ಹುದ್ದೆಗಳಿದ್ದರೆ 32 ಈ ಭಾಗದವರಿಗೆ, ಮತ್ತು ಆ 32ರ ಒಳಗೇ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಹಂಚಿಕೆ ಆಗಬೇಕು. ಉಳಿದ 8 ಹುದ್ದೆಗಳಲ್ಲಿ ಆಯ್ಕೆ ಹೇಗೆ, ಯಾವ ಪಟ್ಟಿ ಮೊದಲು ಎಂಬುದರ ಸುತ್ತೋಲೆಗಳು ಬದಲಾಗಿವೆ. ಹೀಗಾಗಿ ಅಧಿಸೂಚನೆಯ ದಿನಾಂಕ ನೋಡದೆ ಸುತ್ತೋಲೆ ಉಲ್ಲೇಖಿಸಬಾರದು. ನಾನು ತಿದ್ದುವ ಪ್ರಬಂಧಗಳಲ್ಲಿ ಹೆಚ್ಚು ಕೆಂಪು ಗೀಟು ಬೀಳುವುದು ಇಲ್ಲೇ.

ಮೂಲ ದಾಖಲೆ ಹುಡುಕುವಾಗ ಒಂದು ಎಚ್ಚರ. 371 (ಜೆ) ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. ಆದರೆ ಸಂಸತ್ತಿಗೆ ಬಂದ ಮಸೂದೆಯ ಸಂಖ್ಯೆ 118. 98 ಎಂದು ಹುಡುಕಿದರೆ ಬೇರೆ ಮಸೂದೆ ಕೈಗೆ ಬರುತ್ತದೆ. ಸಂವಿಧಾನ ಸಭೆಯ ಚರ್ಚೆಗಳಲ್ಲಿ ಈ ಕಲಂ ಇಲ್ಲವಾದ್ದರಿಂದ ಆಶಯ ತಿಳಿಯಲು ಮಸೂದೆಯ ಉದ್ದೇಶ ವಿವರಣೆ ಮತ್ತು 2012ರ ಸಂಸತ್ ಚರ್ಚೆಗಳನ್ನೇ ಓದಬೇಕು. 2019ರಲ್ಲಿ ರಾಜ್ಯ ಸರ್ಕಾರ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು, ಕಲಂನ ಪಠ್ಯದಲ್ಲಿ ಹೈದರಾಬಾದ್-ಕರ್ನಾಟಕ ಎಂದೇ ಇದೆ. ಉದ್ಧರಿಸುವಾಗ ಅದನ್ನು ತಿದ್ದಬೇಡಿ.

ಇನ್ನು ನಿಜವಾದ ಸತ್ವ ಇರುವ ಜಾಗ. ಆಂಧ್ರಪ್ರದೇಶಕ್ಕಾಗಿ ಬಂದ ಇಂಥದ್ದೇ ಕಲಂ 371 (ಡಿ) ಮತ್ತು ನಮ್ಮ 371 (ಜೆ) ಎರಡರ ಜೆರಾಕ್ಸ್ ಪಕ್ಕಪಕ್ಕ ಇಟ್ಟು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದುತ್ತೇನೆ. ಆಗ ಆಂಧ್ರಪ್ರದೇಶದ ಭಾಗವಾಗಿದ್ದ ತೆಲಂಗಾಣದಲ್ಲಿ ಸರ್ಕಾರಿ ಹುದ್ದೆಗೆ ಅಲ್ಲೇ ವಾಸವಿರಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 1969ರಲ್ಲಿ ನರಸಿಂಹರಾವ್ ಪ್ರಕರಣದಲ್ಲಿ ರದ್ದು ಮಾಡಿತ್ತು. ಸರ್ಕಾರಿ ಹುದ್ದೆಗೆ ವಾಸದ ಷರತ್ತು ಹಾಕಲು ಸಂಸತ್ತಿಗೆ ಬಿಡುವ ಕಲಂ 16 (3)ರಡಿ ಸಂಸತ್ತು ರಾಜ್ಯದೊಳಗೆ ವಾಸ ಎಂದು ಹೇಳಬಹುದು, ರಾಜ್ಯದ ಒಂದು ಭಾಗದೊಳಗೆ ಎಂದು ಹೇಳಲಾಗದು ಎಂಬುದು ಅಲ್ಲಿನ ತೀರ್ಮಾನ. ಸಂವಿಧಾನಕ್ಕೇ ತಿದ್ದುಪಡಿ ಬೇಕಾದದ್ದು ಇದಕ್ಕೇ. 1973ರ 32ನೇ ತಿದ್ದುಪಡಿ 371 (ಡಿ)ಯನ್ನು ತಂದಿತು. ಅದರ 10ನೇ ಉಪಕಲಂ "ಸಂವಿಧಾನದ ಬೇರೆ ಉಪಬಂಧಗಳಲ್ಲಿ ಏನೇ ಇದ್ದರೂ" ತನ್ನ ಮಾತೇ ನಡೆಯುತ್ತದೆ ಎನ್ನುತ್ತದೆ. ಪೆನ್ಸಿಲ್ 371 (ಜೆ)ಯ ಹಾಳೆಗೆ ಬಂದಾಗ ಆ ಸಾಲಿಗೆ ಎದುರಾಗಿ ಖಾಲಿ ಜಾಗ. ಅದರ ಬದಲು "ರಾಜ್ಯದ ಒಟ್ಟಾರೆ ಅಗತ್ಯಗಳಿಗೆ ಒಳಪಟ್ಟು" ಎಂಬ ಷರತ್ತು ಇದೆ, "ಒಂದು ಪ್ರಮಾಣದ" ಹುದ್ದೆಗಳು ಎಂಬ ಮಾತಿದೆ.

ಈ ಖಾಲಿ ಜಾಗದ ಮೇಲೆ ಒಂದು ಇಡೀ ಪಿಎಚ್‌ಡಿ ನಿಲ್ಲಬಹುದು. ನನ್ನ ವಾದ ಇಷ್ಟು: ವಿಶೇಷ ಉಪಬಂಧವಾದ್ದರಿಂದ 16 (3) ಇದನ್ನು ತಡೆಯುವುದಿಲ್ಲ, ಆದರೆ 14 ಮತ್ತು 16ರ ಸಮಾನತೆಯ ಪರೀಕ್ಷೆಯಿಂದ ಇದಕ್ಕೆ ಪೂರ್ತಿ ಬಿಡುಗಡೆಯೂ ಇಲ್ಲ. ನೂರಕ್ಕೆ ನೂರು ಮೀಸಲು ಮಾಡಿದರೆ ನಿಲ್ಲದು. ಪರಿಶಿಷ್ಟ ಪ್ರದೇಶಗಳ ಶಿಕ್ಷಕ ಹುದ್ದೆಗಳಲ್ಲಿನ ಶೇ 100 ಮೀಸಲಾತಿಯನ್ನು 2020ರಲ್ಲಿ ಸಂವಿಧಾನ ಪೀಠ ರದ್ದು ಮಾಡಿದ ಚೆಬ್ರೋಲು ಪ್ರಕರಣವನ್ನು ಈ ವಾದದ ಜೊತೆ ಓದಲೇಬೇಕು.

ತೀರ್ಪುಗಳನ್ನು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಮಾತ್ರ ಹುಡುಕಿದರೆ ಅರ್ಧ ಕೈತಪ್ಪುತ್ತದೆ. ಸರ್ಕಾರಿ ನೇಮಕಾತಿ ವ್ಯಾಜ್ಯ ಮೊದಲು ಹೋಗುವುದು ಆಡಳಿತ ನ್ಯಾಯಮಂಡಳಿಗೆ. ಪ್ರತಿ ತೀರ್ಪಿಗೂ ಒಂದೇ ಸಾಲು ಬರೆಯುತ್ತೇನೆ: ಅಧಿಸೂಚನೆಯ ದಿನಾಂಕ, ಗ್ರೂಪ್, ಸ್ಥಳೀಯ ವೃಂದವೋ ರಾಜ್ಯಮಟ್ಟದ್ದೋ, ಪ್ರಶ್ನಿಸಿದ್ದು ಎಷ್ಟನೇ ಮೆಟ್ಟಿಲು, ಪ್ಯಾರಾ ಸಂಖ್ಯೆ. ನಾಲ್ಕನೇ ಮೆಟ್ಟಿಲಿನ ಸುತ್ತೋಲೆ ಬಿದ್ದ ತೀರ್ಪನ್ನು 371 (ಜೆ) ಕಲಂ ಬಿದ್ದಂತೆ ಬರೆಯುವ ತಪ್ಪು ಮೆಟ್ಟಿಲಿನ ಈ ಒಂದು ಅಂಕಣದಿಂದಲೇ ತಪ್ಪುತ್ತದೆ.