ಕಡಲತೀರದ ಬೇಸಿಗೆ ಪ್ರವಾಸಕ್ಕೆ ಮುನ್ನ ಟೈರ್ ನೋಡಿಕೊಳ್ಳಿ
ಕಡಲತೀರ, ಒಳದಾರಿ ಹಿಡಿದು ಹೊರಡುವವರೇ, ಟೈರ್‌ಗಳನ್ನು ಕಡೆಗಣಿಸಬೇಡಿ. ಗಾಳಿಯ ಒತ್ತಡವನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ಅಳೆಯಿರಿ. ಬಿಸಿಯೇರಿದ ಟೈರ್ ಹೆಚ್ಚು ತೋರಿಸುತ್ತದೆ. ಸಡಿಲ ಮರಳಿಗೆ ಇಳಿಯುವ ಮುನ್ನ ಗಾಳಿಯನ್ನು ಸುಮಾರು 18ರಿಂದ 20 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿಸಿದರೆ ಟೈರ್ ನೆಲಕ್ಕೆ ಹರಡಿಕೊಳ್ಳುತ್ತದೆ, ಗಾಡಿ ಸುಲಭವಾಗಿ ಹೂತುಹೋಗುವುದಿಲ್ಲ. ಡಾಂಬರು ರಸ್ತೆ ಸಿಕ್ಕಿದ ಕೂಡಲೇ ಮತ್ತೆ ಗಾಳಿ ತುಂಬಿಸಲೇಬೇಕು. ಅದಕ್ಕಾಗಿ ಸಣ್ಣ ಕಂಪ್ರೆಸರ್ ಜೊತೆಗಿರಲಿ.

ಚಕ್ರ ನಿಂತಲ್ಲೇ ತಿರುಗಿ ಮರಳು ಚಿಮ್ಮತೊಡಗಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಒತ್ತಿದಷ್ಟೂ ಆಳಕ್ಕಿಳಿಯುತ್ತದೆ. ಉಬ್ಬರ ಏರುತ್ತಿದ್ದ ಒಂದು ಸಂಜೆ ಮೊಣಕೈವರೆಗೆ ಮರಳು ಅಗೆದಿದ್ದೇನೆ, ಆ ಗಾಬರಿ ಯಾರಿಗೂ ಬೇಡ. ಉಬ್ಬರವಿಳಿತದ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್ ಇರಲಿ. ಮನೆಗೆ ಬಂದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿರಿ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.