ರಜೆಗೆ ಕಾರಲ್ಲಿ ನೆಂಟರ, ಗೆಳೆಯರ ಮನೆಗೆ ಹೊರಡುವ ಮುಂಚೆ

ಒಂದು ಸಲ ನಾಲ್ಕು ದಿನದ ರಜೆಗೆ ಎಂಟು ಮನೆಗಳ ಪಟ್ಟಿ ಹಿಡಿದು ಹೊರಟಿದ್ದೆವು. ಆರನೆಯದು ನನ್ನ ಹಾಸ್ಟೆಲ್ ಗೆಳೆಯನ ಮನೆ. ಹದಿನೈದು ವರ್ಷದ ಮೇಲೆ ಭೇಟಿ. ಅವನು ಬೀರುವಿನ ಮೇಲಿಂದ ಹಳೇ ಫೋಟೋ ಆಲ್ಬಮ್ ಇಳಿಸಿ, ಧೂಳು ಒರೆಸಿ, ಮೊದಲ ಪುಟ ತೆರೆದ. ಅದೇ ಹೊತ್ತಿಗೆ ನಾನು ಗಡಿಯಾರ ನೋಡಿದೆ. ಅವನಿಗೆ ಗೊತ್ತಾಯಿತು. 'ಇನ್ನೊಂದ್ಸಲ ಬಂದಾಗ ನೋಡೋಣ ಬಿಡೋ, ನಿನಗೆ ಲೇಟಾಗುತ್ತೆ' ಅಂತ ಆಲ್ಬಮ್ ಮುಚ್ಚಿಟ್ಟ.

ಅಂದಿನಿಂದ ನಮ್ಮ ಲೆಕ್ಕ ಒಂದೇ: ದಿನಕ್ಕೆ ಒಂದು ಮನೆ. ಮೊದಲು ಯಾರ ಹತ್ತಿರ ಎಷ್ಟು ಹೊತ್ತು ಕೂರಬೇಕು ಅಂತ ಯೋಚಿಸಿ, ಆಮೇಲೆ ಮ್ಯಾಪ್ ತೆರೆಯಿರಿ. ವಯಸ್ಸಾದವರ ಮನೆಯನ್ನು ಪ್ರಯಾಣದ ಕೊನೆಗೆ ಇಡಬೇಡಿ. ಕೊನೆಯಲ್ಲಿ ಎಲ್ಲರೂ ದಣಿದಿರುತ್ತಾರೆ, ಅವರ ಪಾಲಿನ ಸಮಯವೇ ಕಡಿಮೆಯಾಗುತ್ತೆ. ಯಾರ ಮನೆಯಾದರೂ ಬಿಟ್ಟುಹೋದರೆ ಫೋನ್ ಮಾಡಿ ನೇರವಾಗಿ ಹೇಳಿ. ಸುಮ್ನೆ ಹತ್ತು ನಿಮಿಷ ತಲೆ ತೋರಿಸಿ ಬರುವುದಕ್ಕಿಂತ ಅದೇ ವಾಸಿ.

ಬರುವ ಹೊತ್ತು ಹೇಳುವಾಗ 'ನಾಲ್ಕು ಗಂಟೆಗೆ' ಅನ್ನಬೇಡಿ, 'ನಾಲ್ಕರಿಂದ ಆರರೊಳಗೆ' ಅನ್ನಿ. ನಾಲ್ಕು ಅಂದರೆ ಅವರು ಮೂರೂವರೆಗೇ ಬಾಗಿಲಲ್ಲಿ ನಿಂತಿರುತ್ತಾರೆ. ಮ್ಯಾಪ್ ಐದು ಗಂಟೆಯ ದಾರಿ ಅಂತ ತೋರಿಸಿದರೆ ನಾನು ಆರೂವರೆ ಗಂಟೆ ಹಿಡಿಯುತ್ತೇನೆ. ದಾರಿಯ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆ ಬೇಕಾಗುತ್ತೆ.

ಇನ್ನು ಕಾರು. ಟೈರಿನ ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿಸಿದ ಮೇಲೆ ಬಿಸಿಯಾಗಿ ಒತ್ತಡ ಜಾಸ್ತಿ ತೋರಿಸುತ್ತೆ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿರುತ್ತೆ. ಎಷ್ಟೋ ಕಾರುಗಳಲ್ಲಿ ಜನ, ಸಾಮಾನು ತುಂಬಿದಾಗಿನ ಅಂಕಿ ಬೇರೆ ಇರುತ್ತೆ, ಅದನ್ನು ನೋಡಿ. ಸ್ಟೆಪ್ನಿಯನ್ನು ಮರೆಯಲೇಬೇಡಿ. ಒಮ್ಮೆ ಕತ್ತಲಾಗುವ ಹೊತ್ತಿಗೆ ಪಂಚರ್ ಆಯಿತು. ಡಿಕ್ಕಿಯಲ್ಲಿದ್ದ ಬ್ಯಾಗುಗಳನ್ನೆಲ್ಲ ರಸ್ತೆ ಪಕ್ಕಕ್ಕೆ ಇಳಿಸಿ ನೋಡಿದರೆ, ಅಡಿಯಲ್ಲಿದ್ದ ಸ್ಟೆಪ್ನಿ ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಿತ್ತು. ಅಮ್ಮ ಮೊಬೈಲ್ ಟಾರ್ಚ್ ಹಿಡಿದು ಎರಡು ಗಂಟೆ ನಿಂತರು. ಈಗ ಸಾಮಾನು ತುಂಬುವ ಮುಂಚೆ ಸ್ಟೆಪ್ನಿಗೆ ಗಾಳಿ ಹಾಕಿಸುತ್ತೇನೆ, ಜಾಕ್, ಸ್ಪ್ಯಾನರ್ ಇವೆಯಾ ಅಂತ ಕೈಯಲ್ಲಿ ಮುಟ್ಟಿ ನೋಡುತ್ತೇನೆ.

ಭಾರದ ಬ್ಯಾಗು ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡಂತೆ ಇರಲಿ. ಹಿಂದಿನ ಗಾಜು ಮುಚ್ಚುವಷ್ಟು ಪೇರಿಸಬೇಡಿ. ಮಾತ್ರೆ, ನೀರು, ಮಕ್ಕಳ ಒಂದು ಜೊತೆ ಬಟ್ಟೆ ಕೈಗೆ ಸಿಗುವಂತಿರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರೆ ಬಿಟ್ಟುಹೋಗಬೇಡಿ, ಶಾಖಕ್ಕೆ ಕೆಡುತ್ತವೆ. ವಾಂತಿ ಬರುವ ಮಗುವಿನ ಕೈಗೆ ಮೊಬೈಲ್ ಕೊಡಬೇಡಿ, ದೂರದ ರಸ್ತೆ ನೋಡಿಸಿ. ಹಿಂದೆ ಕೂತವರೂ ಬೆಲ್ಟ್ ಹಾಕಲಿ.

ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿಸಿ. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೆ ಮೈ ತಾನಾಗಿ ನಿದ್ದೆ ಕೇಳುತ್ತೆ. ಕಿಟಕಿ ತೆರೆದರೂ, ಹಾಡು ಜೋರು ಮಾಡಿದರೂ ಅದು ಹೋಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ. ಅಲ್ಲಿ ಮನೆಯಲ್ಲಿ ಕಾಯುತ್ತಿರುವವರು ನಮ್ಮವರೇ ಅಲ್ವಾ, ತಡವಾದರೆ ಬೈಯುವುದಿಲ್ಲ.

ಹೊರಡುವ ದಿನ 'ಬರ್ತೀವಿ' ಅಂದಮೇಲೂ ಗೇಟಿನ ಹತ್ತಿರ ಅರ್ಧ ಗಂಟೆ ಹಿಡಿಯುತ್ತೆ. ಅದನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮ ಅತ್ತೆಗೆ ಮುಖ್ಯವಾದ ಮಾತೆಲ್ಲ ನೆನಪಾಗುವುದು ಕಾರಿನ ಬಾಗಿಲು ಹಿಡಿದು ನಿಂತಾಗಲೇ. ಇಂಜಿನ್ ಆಫ್ ಮಾಡಿ, ಇಳಿದು ಕೇಳಿ.

ಮನೆ ಮುಟ್ಟಿದ ತಕ್ಷಣ, ಬ್ಯಾಗ್ ಇಳಿಸುವ ಮುಂಚೆಯೇ ಫೋನ್ ಮಾಡಿ. ಮೆಸೇಜ್ ಬೇಡ. ಅವರು ಮಲಗದೆ ಕಾಯುತ್ತಿರುತ್ತಾರೆ.